ಶ್ರೀ ಎಂಬ ಒಂದು ಮೊಳೆ

ನನ್ನ ಸೋದರಮಾವ ಹಗರಿಬೊಮ್ಮನಹಳ್ಳಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕೆಲಸ ಮಾಡುತ್ತಿದ್ದರು. ಬೇಸಿಗೆ ರಜೆಯಲ್ಲಿ ಹಂಪಸಾಗರದಿಂದ ಬಸ್ಸು ಹತ್ತಿ ಅವರ ಮನೆಗೆ ಹೋಗುತ್ತಿದ್ದ ನಾನು ಹಗಲೆಲ್ಲ ಆ ಪ್ರೆಸ್ಸಿನಲ್ಲೇ ಕೂತಿರುತ್ತಿದ್ದೆ. ಸೀಸದ ವಾಸನೆ, ಮಸಿಯ ವಾಸನೆ, ಟ್ರೆಡಲ್ ಮಷಿನ್ನಿನ ಸದ್ದು. ಲಗ್ನದ ತಿಂಗಳು ಬಂತೆಂದರೆ ಮಾವನಿಗೆ ಊಟಕ್ಕೂ ಪುರುಸೊತ್ತಿರುತ್ತಿರಲಿಲ್ಲ. ಆದರೂ ಒಂದು ದಿನಕ್ಕೆ ನಾಲ್ಕೈದು ಲಗ್ನಪತ್ರಿಕೆ ಮುಗಿಸುತ್ತಿದ್ದರು. ಅದು ಹೇಗೆ ಸಾಧ್ಯ ಎಂದು ನನಗೆ ಬೆರಗಾಗುತ್ತಿತ್ತು.

ಗುಟ್ಟು ಸರಳವಾಗಿತ್ತು. ಮೂಲೆಯ ಕಟ್ಟಿಗೆ ಕಪಾಟಿನಲ್ಲಿ ಮಾವ ಕೆಲವು ಸಾಲುಗಳನ್ನು ಬಿಚ್ಚದೆ, ದಾರದಿಂದ ಬಿಗಿದು ಇಟ್ಟಿರುತ್ತಿದ್ದರು. ಮೇಲಿನ ದೇವರ ಹೆಸರಿನ ಸಾಲು, ಅದರ ಕೆಳಗಿನ ಆಹ್ವಾನದ ಒಕ್ಕಣೆ, ಕೊನೆಯ ‘ತಮ್ಮ ಆಗಮನಾಭಿಲಾಷಿಗಳು’. ಯಾರ ಮದುವೆಯಾದರೂ ಇವು ಬದಲಾಗುವುದಿಲ್ಲ. ಬದಲಾಗುವುದು ಗಂಡು, ಹೆಣ್ಣು, ಮುಹೂರ್ತ, ಸ್ಥಳ. ಅಷ್ಟಕ್ಕೆ ಮಾತ್ರ ಹೊಸದಾಗಿ ಮೊಳೆ ಹೆಕ್ಕಿದರೆ ಸಾಕು. ನಿಂತದ್ದು ನಿಂತೇ ಇರುತ್ತದೆ, ಬದಲಾಗುವುದು ಅದರ ನಡುವಿನ ಖಾಲಿ ಜಾಗಕ್ಕೆ ಬಂದು ಕೂರುತ್ತದೆ. ಈ ಮಾತು ನನಗೆ ಮತ್ತೆ ನೆನಪಾದದ್ದು ಎಷ್ಟೋ ವರ್ಷಗಳ ಮೇಲೆ, 2020ರ ಲಾಕ್‌ಡೌನಿನಲ್ಲಿ.

ಆ ವರ್ಷ ಬೆಂಗಳೂರಿನ ಕೆಲಸ ಬಿಟ್ಟುಹೋಗಿ ನಾನು ಊರಿಗೆ ವಾಪಸಾಗಿದ್ದೆ. ಹಂಪಸಾಗರದಲ್ಲಿ ಆಗ ಮಾಡಲು ನನಗಿದ್ದ ಕೆಲಸ ಎರಡೇ: ಸಂಜೆ ತುಂಗಭದ್ರೆಯ ಹಿನ್ನೀರಿನ ಕಡೆ ಅಡ್ಡಾಡಿ ಬರುವುದು, ಸಿಗ್ನಲ್ ಸಿಕ್ಕಾಗ ಮಾಳಿಗೆಯ ಮೇಲೆ ಕೂತು ವೆಬ್ ಪುಟ ಕಟ್ಟುವ ವಿದ್ಯೆ ಕಲಿಯುವುದು. ನನಗೆ ಬರುತ್ತಿದ್ದುದು ಹಳೆಯ ವಿದ್ಯೆ. ಒಂದು ಪುಟ ಬೇಕೆಂದರೆ ಮೊದಲಿನಿಂದ ಕೊನೆಯವರೆಗೆ ಬರೆಯುವುದು. ಇನ್ನೊಂದು ಬೇಕೆಂದರೆ ಮೊದಲನೆಯದನ್ನು ನಕಲು ಮಾಡಿ ತಿದ್ದುವುದು. ಹತ್ತು ಪುಟವಾದ ಮೇಲೆ ತಲೆಬರಹದ ಬಣ್ಣ ಬದಲಿಸಬೇಕೆಂದರೆ ಹತ್ತೂ ಕಡೆ ತಿದ್ದಬೇಕು, ಒಂದು ಕಡೆಯಾದರೂ ಮರೆತಿರುತ್ತದೆ. ಈಗ ಎಲ್ಲರೂ ಕಾಂಪೊನೆಂಟುಗಳಲ್ಲಿ ಕಟ್ಟುತ್ತಾರೆ ಎಂದು ಗೆಳೆಯರು ಹೇಳಿದರು. ಪಾಠಗಳನ್ನು ನೋಡತೊಡಗಿದೆ. ಒಂದು ಕಾರ್ಡು, ಒಂದು ಗುಂಡಿ, ಒಂದು ಪಟ್ಟಿ: ಪ್ರತಿಯೊಂದನ್ನೂ ಒಮ್ಮೆ ಕಟ್ಟಿ ಹೆಸರಿಡು, ಬೇಕಾದ ಕಡೆ ಹೆಸರು ಹಿಡಿದು ಕರೆ, ಬದಲಾಗುವ ಮಾಹಿತಿಯನ್ನು ಹೊರಗಿನಿಂದ ಕೊಡು. ಹೊರಗಿನಿಂದ ಕೊಡುವ ಆ ಮಾಹಿತಿಗೆ ಪ್ರಾಪ್ಸ್ ಎನ್ನುತ್ತಾರೆ ಎಂದು ಪಾಠ ಹೇಳುವಾಗ ನನ್ನ ಕಣ್ಣ ಮುಂದೆ ಬಂದದ್ದು ದಾರ ಬಿಗಿದ ಆ ಸೀಸದ ಸಾಲುಗಳು.

ಈ ವಿಚಾರ ವೆಬ್‌ಗಿಂತ ಹಳೆಯದು. 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನೇಟೋ ಪ್ರಾಯೋಜಿಸಿದ ಸಮ್ಮೇಳನವೊಂದು ನಡೆಯಿತು. ಅಲ್ಲಿ ಡಗ್ಲಸ್ ಮೆಕ್ಇಲ್‌ರಾಯ್ ಎಂಬ ಗಣಿತಜ್ಞ, ಕಾರ್ಖಾನೆಗಳು ನಟ್ಟು ಬೋಲ್ಟುಗಳನ್ನು ತಯಾರಿಸುವ ಹಾಗೆ ಸಾಫ್ಟ್‌ವೇರಿನ ಬಿಡಿಭಾಗಗಳನ್ನೂ ಸಾಮೂಹಿಕವಾಗಿ ತಯಾರಿಸಬೇಕು ಎಂದು ವಾದಿಸಿದರು. ಪ್ರತಿಯೊಬ್ಬರೂ ಎಲ್ಲವನ್ನೂ ಮೊದಲಿನಿಂದ ಬರೆಯುವುದು ಕೈಕಸುಬಿನ ಕಾಲದ ರೀತಿ ಎಂಬುದು ಅವರ ದೂರು. ವೆಬ್ಬು ಮಾತ್ರ ಈ ಮಾತನ್ನು ಬಹಳ ತಡವಾಗಿ ಕೇಳಿಸಿಕೊಂಡಿತು. 1991ರಲ್ಲಿ ಟಿಮ್ ಬರ್ನರ್ಸ್-ಲೀ ಲೋಕಕ್ಕೆ ಕೊಟ್ಟ ವೆಬ್ಬಿನಲ್ಲಿ ಪುಟವೆಂದರೆ ದಸ್ತಾವೇಜು, ಓದುವ ಕಾಗದ. 1995ರಲ್ಲಿ ಜಾವಾಸ್ಕ್ರಿಪ್ಟ್ ಬಂದು ಪುಟಕ್ಕೆ ಚಲನೆ ಕೊಟ್ಟಿತು, 1996ರಲ್ಲಿ ಸಿಎಸ್‌ಎಸ್ ಬಂದು ಉಡುಗೆ ಕೊಟ್ಟಿತು. 2006ರ ಜೆಕ್ವೆರಿ ಪುಟದ ಯಾವ ಭಾಗವನ್ನಾದರೂ ಹಿಡಿದು ಅಲ್ಲಾಡಿಸುವುದನ್ನು ಸುಲಭ ಮಾಡಿತು. ಆದರೆ ಬಿಡಿಭಾಗ ಎಂಬ ಕಲ್ಪನೆ ಇನ್ನೂ ಗಟ್ಟಿಯಾಗಿರಲಿಲ್ಲ. ಯಾರು ಬೇಕಾದರೂ ಯಾವುದನ್ನು ಬೇಕಾದರೂ ಅಲ್ಲಾಡಿಸಬಹುದಾದ ಮನೆಯಲ್ಲಿ ಏನು ಎಲ್ಲಿ ಬಿತ್ತು ಎಂದು ಹುಡುಕುವುದೇ ಕಷ್ಟ.

ಫೇಸ್‌ಬುಕ್ಕಿನ ಎಂಜಿನಿಯರ್ ಜೋರ್ಡನ್ ವಾಕ್ ರೂಪಿಸಿದ ರಿಯಾಕ್ಟ್, 2013ರ ಮೇ ತಿಂಗಳಲ್ಲಿ ಅಮೆರಿಕದ ಜಾವಾಸ್ಕ್ರಿಪ್ಟ್ ಸಮ್ಮೇಳನವೊಂದರಲ್ಲಿ ಎಲ್ಲರಿಗೂ ಮುಕ್ತವಾಯಿತು. ಬಂದವರಿಗೆ ಅದು ಹಿಡಿಸಲಿಲ್ಲ. ಪುಟದ ರಚನೆ ಬೇರೆ, ಅದರ ವರ್ತನೆ ಬೇರೆ ಎಂದು ವರ್ಷಗಟ್ಟಲೆ ಪಾಠ ಹೇಳಿಸಿಕೊಂಡವರಿಗೆ ಎರಡನ್ನೂ ಒಂದೇ ಕಡತದಲ್ಲಿ ಬೆರೆಸುವುದು ಮೈಲಿಗೆಯಂತೆ ಕಂಡಿತು. ರಿಯಾಕ್ಟ್ ಹೇಳುತ್ತಿದ್ದುದು ಇಷ್ಟೇ: ನೀವು ಗೋಡೆ ಕಟ್ಟಿದ್ದೀರಿ ನಿಜ, ಆದರೆ ಗೋಡೆ ಕಟ್ಟಿದ ಜಾಗ ತಪ್ಪು. ಒಂದು ಗುಂಡಿಗೆ ಬೇಕಾದ ರಚನೆ, ವರ್ತನೆ ಎಲ್ಲವೂ ಒಂದು ಕಡೆ ಇರಲಿ; ಗೋಡೆ ಬರಬೇಕಾದದ್ದು ಒಂದು ಗುಂಡಿಗೂ ಇನ್ನೊಂದು ಗುಂಡಿಗೂ ನಡುವೆ. 2014ರಲ್ಲಿ ಇವಾನ್ ಯೂ ಅವರ ವ್ಯೂ ಬಂತು. ಬ್ರೌಸರುಗಳೇ ಅರ್ಥಮಾಡಿಕೊಳ್ಳುವ ವೆಬ್ ಕಾಂಪೊನೆಂಟುಗಳ ಪ್ರಯತ್ನ ಅದಕ್ಕೂ ಮೊದಲು, 2011ರಲ್ಲೇ ಆರಂಭವಾಗಿತ್ತು. ಬ್ರ್ಯಾಡ್ ಫ್ರಾಸ್ಟ್ ಎಂಬ ವಿನ್ಯಾಸಕಾರ ರಸಾಯನಶಾಸ್ತ್ರದ ಮಾತನ್ನು ಎರವಲು ತಂದು, ಅಣುವಿನಿಂದ ಶುರುಮಾಡಿ ಪುಟದವರೆಗೆ ಏರುತ್ತ ಕಟ್ಟುವ ಕ್ರಮವನ್ನು ವಿವರಿಸಿದರು. ಗೋಡೆಯ ಜಾಗ ಬದಲಾದ ಕೂಡಲೇ ಕೆಲಸದ ರೀತಿಯೇ ಬದಲಾಯಿತು.

ಇಂಥ ಬದಲಾವಣೆ ನಮ್ಮ ಜಿಲ್ಲೆಗೆ ಹೊಸತೇನಲ್ಲ. ಇಂದು ವಿಜಯನಗರ ಜಿಲ್ಲೆಯಲ್ಲಿರುವ ನಮ್ಮ ತಾಲ್ಲೂಕು 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ಬಳ್ಳಾರಿಗೆ ಕನ್ನಡ ಅಚ್ಚಿನ ಚರಿತ್ರೆಯಲ್ಲಿ ಒಂದು ಜಾಗ ಇದೆ. ಕನ್ನಡದ ಮೊದಲ ಪತ್ರಿಕೆ ಎನಿಸಿದ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರತಂದದ್ದು ಎಲ್ಲರಿಗೂ ಗೊತ್ತು. ಆ ದಿನವನ್ನು ಇವತ್ತಿಗೂ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಅದು ಕಲ್ಲಚ್ಚಿನ ಪತ್ರಿಕೆ. ಮರುವರ್ಷ, ಅಂದರೆ 1844ರಲ್ಲಿ, ಪತ್ರಿಕೆ ಬಳ್ಳಾರಿಗೆ ಬಂತು. ‘ಕನ್ನಡ ಸಮಾಚಾರ’ ಎಂದು ಹೆಸರು ಬದಲಿಸಿಕೊಂಡಿತು. ಮಂಗಳೂರಿನಲ್ಲಿಲ್ಲದ ಒಂದು ಅನುಕೂಲ ಬಳ್ಳಾರಿಯಲ್ಲಿತ್ತು: ಮೊಳೆ ಜೋಡಿಸಿ ಅಚ್ಚು ಹಾಕುವ ಮುದ್ರಣಾಲಯ. ಲಂಡನ್ ಮಿಷನ್ನಿನವರು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲೇ ಬಳ್ಳಾರಿಯಲ್ಲಿ ನೆಲೆನಿಂತು ಕನ್ನಡದ ಕೆಲಸ ಮಾಡುತ್ತಿದ್ದರು. ಅದೇ ಮಿಷನ್ನಿನ ವಿಲಿಯಂ ರೀವ್ ಕನ್ನಡದ ದೊಡ್ಡ ನಿಘಂಟು ಕಟ್ಟಿದವರು.

ಕಲ್ಲಚ್ಚಿಗೂ ಮೊಳೆ ಅಚ್ಚಿಗೂ ಇರುವ ವ್ಯತ್ಯಾಸ ನನಗೆ ರಿಯಾಕ್ಟ್ ಕಲಿಯುವಾಗ ಸರಿಯಾಗಿ ಅರ್ಥವಾಯಿತು. ಕಲ್ಲಚ್ಚಿನಲ್ಲಿ ಇಡೀ ಪುಟವೇ ಒಂದು ಚಿತ್ರ. ಒಬ್ಬ ಕೈಬರಹಗಾರ ಬರೆದದ್ದು ಕಲ್ಲಿಗಿಳಿದು ಅಚ್ಚಾಗುತ್ತದೆ. ಅಕ್ಷರ ದುಂಡಗಾಗಲಿ, ಒತ್ತು ಎಲ್ಲಿಗೆ ಬೇಕಾದರೂ ಇಳಿಯಲಿ, ಕೈಗೆ ಎಲ್ಲವೂ ಸಲೀಸು. ಆದರೆ ಆ ಪುಟದ ಯಾವ ಅಕ್ಷರವೂ ಇನ್ನೊಂದು ಪುಟಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಮೊಳೆಯಲ್ಲಿ ಹಾಗಲ್ಲ. ಇವತ್ತಿನ ಪುಟ ಅಚ್ಚಾದ ಮೇಲೆ ಬಿಚ್ಚಿ, ಮೊಳೆಗಳನ್ನು ಅವುಗಳ ಖಾನೆಗೆ ಹಾಕಿದರೆ ನಾಳೆ ಅವೇ ಮೊಳೆಗಳು ಬೇರೆ ಮಾತಾಡುತ್ತವೆ. ಆದರೆ ಅದಕ್ಕೆ ಮೊದಲು ಯಾರಾದರೂ ಒಂದು ಪ್ರಶ್ನೆಗೆ ಉತ್ತರ ಹೇಳಬೇಕು: ಕನ್ನಡದಲ್ಲಿ ಒಂದು ತುಂಡು ಎಂದರೆ ಯಾವುದು? ಇಂಗ್ಲಿಷಿನವರಿಗೆ ಇದು ಪ್ರಶ್ನೆಯೇ ಅಲ್ಲ. ನಮಗೆ ‘ಕ’ ಒಂದು ತುಂಡು, ಸರಿ. ‘ಕಿ’? ‘ಕ್ಕ’? ‘ಸ್ತ್ರೀ’? ಎಲ್ಲ ಕಾಗುಣಿತಕ್ಕೂ ಎಲ್ಲ ಒತ್ತಿಗೂ ಬೇರೆ ಬೇರೆ ಮೊಳೆ ಎರೆದರೆ ಸಾವಿರಗಟ್ಟಲೆ ಬೇಕು. ತುಂಬ ಒಡೆದರೆ ಜೋಡಿಸುವವನ ಕೈ ಸೋಲುತ್ತದೆ. ಮಾವನ ಪ್ರೆಸ್ಸಿನಲ್ಲಿ ಇಂಗ್ಲಿಷ್ ಕೇಸು ಒಂದು ಮೇಜಿನಲ್ಲಿ ಮುಗಿಯುತ್ತಿತ್ತು. ಕನ್ನಡದ ಕೇಸುಗಳಿಗೆ ಅವರು ನಿಂತ ಕಡೆಯಿಂದ ಎಡಕ್ಕೂ ಬಲಕ್ಕೂ ಹೆಜ್ಜೆ ಇಡಬೇಕಿತ್ತು.

ಕಂಪ್ಯೂಟರು ಬಂದಾಗಲೂ ಅದೇ ಪ್ರಶ್ನೆ ಎದುರಾಯಿತು. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿ ಕೂರಿಸಿದ್ದರು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತಿತ್ತು. ಕೆ. ಪಿ. ರಾವ್ ಅವರ ಕೀಲಿಮಣೆಯ ತರ್ಕ ಇದಕ್ಕಿಂತ ಆಳವಾದದ್ದು. ಬರೆಯುವವನು ಕಣ್ಣಿಗೆ ಕಾಣುವ ಚೂರುಗಳನ್ನು ಹೆಕ್ಕಬೇಕಾಗಿಲ್ಲ. ವ್ಯಂಜನ, ಸ್ವರ ಎಂದು ನುಡಿಯುವ ಕ್ರಮದಲ್ಲಿ ಒತ್ತಿದರೆ ಸಾಕು, ಆಕಾರ ಜೋಡಿಸುವುದು ಯಂತ್ರದ ಕೆಲಸ. 1991ರ ಯೂನಿಕೋಡ್ ಕೂಡ ಕನ್ನಡಕ್ಕೆ ಇಂಥದೇ ದಾರಿ ಹಿಡಿಯಿತು. ಅದರಲ್ಲಿ ‘ಕ್ಷ’ ಎಂಬುದಕ್ಕೆ ಬೇರೆ ಮನೆಯಿಲ್ಲ. ಕ, ವಿರಾಮ ಚಿಹ್ನೆ, ಷ ಎಂದು ಮೂರು ಸಂಕೇತಗಳು ಸಾಲಾಗಿ ನಿಲ್ಲುತ್ತವೆ. ಪರದೆಯ ಮೇಲೆ ಅವು ಒಂದಾಗುವುದು ಫಾಂಟಿನ ನಿಯಮದಿಂದ. ವಿಂಡೋಸ್ ಎಕ್ಸ್‌ಪಿಯ ಜೊತೆ ನಮ್ಮ ಮನೆಮನೆಗೆ ಬಂದ ಅಂಥ ಕನ್ನಡ ಫಾಂಟಿನ ಹೆಸರು ‘ತುಂಗಾ’. ನಮ್ಮೂರ ಮುಂದಿನ ನೀರಿನಲ್ಲಿ ಅರ್ಧ ಪಾಲು ಅವಳದೇ.

ಇಷ್ಟೆಲ್ಲ ಗೊತ್ತಿದ್ದೂ ನಾನು ತಪ್ಪು ಮಾಡಿದೆ.

ಲಾಕ್‌ಡೌನಿನಲ್ಲಿ ಮದುವೆಗಳು ಚಿಕ್ಕವಾಗಿದ್ದವು. ಮನೆಮನೆಗೆ ಹೋಗಿ ಕರೆಯುವಂತಿರಲಿಲ್ಲ, ಪತ್ರಿಕೆ ವಾಟ್ಸಾಪಿನಲ್ಲಿ ಹೋಗುತ್ತಿತ್ತು. ಮಾವನ ಪ್ರೆಸ್ಸು ಅಷ್ಟರಲ್ಲಿ ಮುಚ್ಚಿ ಬಹಳ ಕಾಲವಾಗಿತ್ತು. ಕಲಿತ ವಿದ್ಯೆಯಲ್ಲಿ ಕನ್ನಡ ಲಗ್ನಪತ್ರಿಕೆ ತಯಾರಿಸುವ ಒಂದು ಪುಟ ಕಟ್ಟಿದೆ. ದೇವರ ಸಾಲಿಗೊಂದು ಕಾಂಪೊನೆಂಟು, ವಧೂವರರಿಗೊಂದು, ಸ್ಥಳಕ್ಕೊಂದು. ಚೆಂದ ಕಾಣಲೆಂದು ಮೇಲ್ತುದಿಯಲ್ಲಿ ಒಂದು ದುಂಡು ಮುದ್ರೆ. ಅದರೊಳಗೆ ಹುಡುಗ, ಹುಡುಗಿಯ ಹೆಸರಿನ ಮೊದಲ ಅಕ್ಷರ. ಮುದ್ರೆಯ ಕಾಂಪೊನೆಂಟನ್ನು ನಾನು ಬರೆದಿರಲಿಲ್ಲ. ಯಾರೋ ಬರೆದು ಎಲ್ಲರಿಗೂ ಬಿಟ್ಟದ್ದನ್ನು ತಂದು ಕೂರಿಸಿದ್ದೆ. ಇಂಗ್ಲಿಷಿನಲ್ಲಿ ಪರೀಕ್ಷಿಸಿದ್ದೆ, ಸರಿಯಾಗಿತ್ತು.

2021ರಲ್ಲಿ ಸಂಬಂಧಿಕರ ಮನೆಯ ಮದುವೆಗೆ ಅದರಲ್ಲೇ ಪತ್ರಿಕೆ ಮಾಡಿಕೊಟ್ಟೆ. ಹುಡುಗಿಯ ಹೆಸರು ‘ಶ್ರೀ’ ಎಂದು ಶುರುವಾಗುತ್ತಿತ್ತು. ಮುದ್ರೆಯಲ್ಲಿ ಬಂದದ್ದು ಬರೀ ‘ಶ’. ಕೆಳಗೆ ಸ್ಥಳದ ಸಾಲಿನಲ್ಲಿ ‘ಹಗರಿಬೊಮ್ಮನಹಳ’ ಎಂದಿದ್ದು, ಮುಂದೆ ಮೂರು ಚುಕ್ಕಿ. ಆ ಕಾಂಪೊನೆಂಟು ಹನ್ನೆರಡಕ್ಕಿಂತ ಉದ್ದದ ಊರ ಹೆಸರನ್ನು ಕತ್ತರಿಸುತ್ತಿತ್ತು. ಸಣ್ಣ ಪರದೆಯಲ್ಲಿ ಅವಸರದಲ್ಲಿ ನೋಡಿದ ನನಗೆ ಎರಡೂ ಕಾಣಲಿಲ್ಲ. ನೂರಾರು ಮಂದಿಗೆ ಹೋಗಿಯೇಬಿಟ್ಟಿತು.

ಮೊದಲ ಫೋನು ಮಾವನದು.

“ಏನೋ ತಮ್ಮ, ಇದು ಲಗ್ನಪತ್ರಿಕೆಯೋ ಏನು? ಶ್ರೀನ ಬಿಟ್ಟೀಯಲ್ಲೋ.”

“ಮಾವ, ಅದು ಕಂಪ್ಯೂಟರ್ ತಾನೇ ಮಾಡಿದ್ದು ರೀ,” ಎಂದೆ.

“ಮೊಳೆ ತಾನೇ ಬಂದು ಕುಂದರತಾವೇನು? ಜೋಡಿಸಿದವ ನೀನು. ಮೂವತ್ತು ವರ್ಷ ಜೋಡಿಸೀನಿ, ಒಂದು ಪತ್ರಿಕೆಯಾಗೂ ಶ್ರೀ ಬಿದ್ದಿಲ್ಲ.”

ಹುಡುಗಿಯ ಮನೆಯ ಹಿರಿಯರು ಅಪಶಕುನ ಎಂದರು. ಹುಡುಗಿ ಪಾಪ ನಕ್ಕು ಸುಮ್ಮನಾದಳು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಯಾರದೋ ಬದುಕಿನ ದೊಡ್ಡ ದಿನದ ಮೇಲೆ ನನ್ನ ಅರೆಬೆಂದ ವಿದ್ಯೆ ಗೀರು ಹಾಕಿತ್ತು.

ಮರುದಿನ ಕೂತು ನೋಡಿದೆ. ಜಾವಾಸ್ಕ್ರಿಪ್ಟಿಗೆ ‘ಶ್ರೀ’ ಎಂಬುದರ ಉದ್ದ ಕೇಳಿದರೆ ನಾಲ್ಕು ಎನ್ನುತ್ತದೆ: ಶ, ವಿರಾಮ ಚಿಹ್ನೆ, ರ, ದೀರ್ಘದ ಗುರುತು. ಮೊದಲನೆಯದನ್ನು ಕೊಡು ಎಂದರೆ ‘ಶ’ ಕೊಡುತ್ತದೆ. ಇದಕ್ಕೆಂದೇ ಹೊಸದಾಗಿ ಬಂದಿದ್ದ ಸೆಗ್ಮೆಂಟರ್ ಎಂಬ ಸೌಲಭ್ಯ ಬಳಸಿದೆ. 2020ರ ಕೊನೆಗೆ ಕ್ರೋಮ್ ಬ್ರೌಸರಿಗೆ ಬಂದಿದ್ದ ಅದು ಕಣ್ಣಿಗೆ ಕಾಣುವ ಅಕ್ಷರಗಳನ್ನು ಎಣಿಸುತ್ತದೆ ಎಂದು ಓದಿದ್ದೆ. ಅದು ಎರಡು ಎಂದಿತು: ಶ್, ರೀ. ಮುದ್ರೆಯಲ್ಲಿ ಈಗ ‘ಶ್’ ಬಂತು. ಮೊದಲಿನದಕ್ಕಿಂತ ಕೆಟ್ಟದಾಗಿತ್ತು. ಹಗರಿಬೊಮ್ಮನಹಳ್ಳಿಯ ಲೆಕ್ಕವೂ ಹೀಗೆಯೇ. ಜಾವಾಸ್ಕ್ರಿಪ್ಟಿನ ಪ್ರಕಾರ ಹದಿನೈದು, ಸೆಗ್ಮೆಂಟರಿನ ಪ್ರಕಾರ ಹತ್ತು. ಅವ್ವನನ್ನು ಕೇಳಿದೆ. ಆಕೆ ಬೆರಳು ಮಡಚುತ್ತ ಹ, ಗ, ರಿ, ಬೊ, ಮ್ಮ, ನ, ಹ, ಳ್ಳಿ ಎಂದು ಎಣಿಸಿ ಎಂಟು ಎಂದಳು.

ಮೂರರಲ್ಲಿ ಸರಿ ಯಾವುದು? ಸಂಗ್ರಹಕ್ಕೆ ಹದಿನೈದು ಸರಿ. ಆದರೆ ಅಚ್ಚಿಗೆ ಅವ್ವನ ಎಂಟೇ ಸರಿ. ಯೂನಿಕೋಡಿನ ನಿಯಮಗಳನ್ನು ಬರೆಯುವವರಿಗೂ ಈ ತೊಡಕು ಗೊತ್ತಿತ್ತು. 2023ರಲ್ಲಿ ಬಂದ 15.1ನೆಯ ಆವೃತ್ತಿಯಲ್ಲಿ, ಒತ್ತಕ್ಷರವನ್ನು ನಡುವೆ ಒಡೆಯಬಾರದು ಎಂಬ ಹೊಸ ನಿಯಮ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅದು ಅನ್ವಯವಾಯಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ನಮ್ಮ ಲಿಪಿಗೆ ಅತಿ ಹತ್ತಿರದ ತೆಲುಗಿನಲ್ಲಿ ‘ಶ್ರೀ’ ಇಡಿಯಾಗಿ ಉಳಿಯುವ ಕಡೆ ಕನ್ನಡದಲ್ಲಿ ಎರಡು ಹೋಳಾಗುತ್ತಿತ್ತು. ಇದನ್ನು ಓದಿದಾಗ ಸಿಟ್ಟು ಬಂತು. ಆದರೆ ಸಿಟ್ಟನ್ನು ಬೇರೆಯವರ ಮೇಲೆ ಹೊರಿಸುವ ಮೊದಲು ಕನ್ನಡಿ ನೋಡಿಕೊಳ್ಳಬೇಕಾಯಿತು. ನನ್ನ ಪತ್ರಿಕೆ ಕನ್ನಡದ್ದು. ಪರೀಕ್ಷೆ ಮಾಡಿದ್ದು ಇಂಗ್ಲಿಷಿನಲ್ಲಿ.

ಕಾಂಪೊನೆಂಟಿನ ಶಕ್ತಿಯೂ ಅಪಾಯವೂ ಒಂದೇ ಕಡೆ ಇವೆ. ಒಳಗೇನಿದೆ ಎಂದು ನೋಡದೆ ಬಳಸಬಹುದು, ಅದೇ ಅದರ ಸುಖ. 2016ರ ಮಾರ್ಚಿನಲ್ಲಿ ಲೆಫ್ಟ್-ಪ್ಯಾಡ್ ಎಂಬ ಹನ್ನೊಂದು ಸಾಲಿನ ಬಿಡಿಭಾಗವನ್ನು ಅದರ ಕರ್ತೃ ಸಾರ್ವಜನಿಕ ಉಗ್ರಾಣದಿಂದ ಹಿಂತೆಗೆದುಕೊಂಡಾಗ ಜಗತ್ತಿನ ಎಷ್ಟೋ ತಂತ್ರಾಂಶಗಳನ್ನು ಕಟ್ಟುವ ಕೆಲಸ ಕೆಲವು ಗಂಟೆ ನಿಂತುಹೋಯಿತು. ಅದರ ಕೆಲಸ ಒಂದೇ: ಪದದ ಉದ್ದ ಎಣಿಸಿ, ಕಡಿಮೆ ಬಿದ್ದಷ್ಟು ಎಡಕ್ಕೆ ತುಂಬುವುದು. ಇಂಥ ಸಣ್ಣ ತುಂಡಿನ ಮೇಲೆ ಇಷ್ಟೊಂದು ಮಂದಿ ಆತುಕೊಂಡಿದ್ದಾರೆ ಎಂದು ಆಗ ಎಲ್ಲರೂ ಬೆರಗಾದರು. ನನಗೆ ಕಂಡದ್ದು ಇನ್ನೊಂದು ಸಂಗತಿ. ಅದು ಇದ್ದಾಗಲೂ ಕನ್ನಡದ ಉದ್ದವನ್ನು ತಪ್ಪಾಗಿಯೇ ಎಣಿಸುತ್ತಿತ್ತು. ಆ ತಪ್ಪಿನಿಂದ ಯಾರ ಕೆಲಸವೂ ನಿಲ್ಲಲಿಲ್ಲ, ಹಾಗಾಗಿ ಅದು ಸುದ್ದಿಯಾಗಲಿಲ್ಲ.

ಹಾಗೆಂದು ಬಿಡಿಭಾಗಗಳ ದಾರಿಯೇ ತಪ್ಪು ಎನ್ನಲಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಹಿನ್ನೀರಿನ ದಂಡೆಯ ನಾವು ಕಟ್ಟೆಯ ಕಡೆಯ ಸುದ್ದಿ ಕೇಳುತ್ತ, ಕೂಡಿದ ನೀರೆಲ್ಲ ಹರಿದುಹೋದರೆ ಬೆಳೆಯ ಗತಿಯೇನು ಎಂದು ಕಂಗಾಲಾಗಿದ್ದೆವು. ಕಟ್ಟೆಗೆ 33 ಗೇಟು. ಒಂದು ಹೋದರೂ ಉಳಿದ 32 ನಿಂತಿದ್ದವು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹೋದ ಗೇಟಿನ ಜಾಗಕ್ಕೆ ಒಂದೇ ದೊಡ್ಡ ಗೇಟಿನ ಬದಲು ಉಕ್ಕಿನ ಐದು ತುಂಡುಗಳನ್ನು ಒಂದರ ಮೇಲೊಂದು ಇಳಿಸಿದರು. ವಾರದೊಳಗೆ, ಹರಿಯುವ ನೀರಿನಲ್ಲೇ, ಬಾಯಿ ಮುಚ್ಚಿತು. ರಿಯಾಕ್ಟಿನಲ್ಲೂ ಇಂಥದೊಂದು ಏರ್ಪಾಡಿದೆ. ಒಂದು ಭಾಗ ಕೆಟ್ಟರೆ ಇಡೀ ಪುಟ ಬಿಳಿಚಿಕೊಳ್ಳದಂತೆ ಆ ಕೇಡನ್ನು ಅಲ್ಲಲ್ಲೇ ತಡೆಯುವ ಗಡಿ ಹಾಕಬಹುದು. ಆದರೆ ಕಟ್ಟೆಯಲ್ಲಿ ಐದು ತುಂಡುಗಳೂ ನಿಂತದ್ದು ಆ ಕಿಂಡಿಯ ಅಳತೆ ತೆಗೆದುಕೊಂಡೇ ಅವನ್ನು ಮಾಡಿದ್ದರಿಂದ. ಬೇರೆ ಯಾವುದೋ ನದಿಯ ಅಳತೆಯಲ್ಲಿ ಮಾಡಿದ್ದರೆ ನಿಲ್ಲುತ್ತಿರಲಿಲ್ಲ.

ನನ್ನ ಪುಟವನ್ನು ಆಮೇಲೆ ತಿದ್ದಿದೆ. ಸೆಗ್ಮೆಂಟರ್ ಕೊಟ್ಟ ಹೋಳು ವಿರಾಮ ಚಿಹ್ನೆಯಲ್ಲಿ ಮುಗಿದು, ಮುಂದಿನದು ವ್ಯಂಜನದಿಂದ ಶುರುವಾದರೆ ಎರಡನ್ನೂ ಬೆಸೆ. ‘ರಾಜ್‌ಕುಮಾರ್’ ಎಂಬಲ್ಲಿ ಜ ಮತ್ತು ಕ ಬೆಸೆಯದಂತೆ ತಡೆಯುವ ಕಾಣದ ಗುರುತೊಂದು ಇರುತ್ತದೆ. ಅದು ಇದ್ದರೆ ಬೆಸೆಯಬೇಡ. ಪದದ ಕೊನೆಯ ‘ರ್’ ತಾನಾಗಿ ನಿಲ್ಲಲಿ. ನಿಯಮ ಇಷ್ಟೇ, ಹತ್ತು ಸಾಲಿನೊಳಗೆ ಮುಗಿಯಿತು. ಊರ ಹೆಸರು ಕತ್ತರಿಸುವುದನ್ನೇ ತೆಗೆದುಹಾಕಿದೆ. ಹೆಸರು ಉದ್ದವಿದ್ದರೆ ಎರಡನೆಯ ಸಾಲಿಗೆ ಇಳಿಯಲಿ, ಪೆಟ್ಟಿಗೆ ದೊಡ್ಡದಾಗಲಿ. ಪೆಟ್ಟಿಗೆಗಾಗಿ ಊರು ಕುಗ್ಗಬೇಕಾಗಿಲ್ಲ. ಈಗ ಹೊಸ ಕಾಂಪೊನೆಂಟು ಕಟ್ಟಿದಾಗಲೆಲ್ಲ ಮೊದಲು ತುಂಬಿಸಿ ನೋಡುವುದು ಎರಡು ಪದ: ಶ್ರೀ, ಹಗರಿಬೊಮ್ಮನಹಳ್ಳಿ. ಇವೆರಡನ್ನು ತಡೆದುಕೊಂಡದ್ದು ಉಳಿದದ್ದನ್ನೂ ತಡೆದುಕೊಳ್ಳುತ್ತದೆ.

ತಿದ್ದಿದ್ದನ್ನು ಮಾವನಿಗೆ ತೋರಿಸಲು ಹೋದೆ. ಅವರು ಕನ್ನಡಕ ಹಾಕಿಕೊಂಡು, ಪ್ರೂಫ್ ನೋಡುವವರ ಹಾಗೆ ಸಾಲಿನ ಕೆಳಗೆ ಬೆರಳಾಡಿಸುತ್ತ ಮೊಬೈಲನ್ನು ಓದಿದರು. ಮುದ್ರೆಯ ಮೇಲೆ ಬೆರಳು ನಿಂತಿತು. ಎದ್ದು ಒಳಗೆ ಹೋಗಿ, ಒಂದು ಹಳೆಯ ತಗಡಿನ ಡಬ್ಬಿ ತಂದರು. ಪ್ರೆಸ್ಸು ಮುಚ್ಚಿದ ದಿನ ತೂಕಕ್ಕೆ ಹಾಕದೆ ಉಳಿಸಿಕೊಂಡ ಕೆಲವು ಮೊಳೆಗಳಿದ್ದವು. ಅದರಲ್ಲೊಂದನ್ನು ಹುಡುಕಿ ನನ್ನ ಅಂಗೈಗೆ ಹಾಕಿದರು. ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾದ ಅಕ್ಷರ. ಓದಲು ಒಂದು ಗಳಿಗೆ ಬೇಕಾಯಿತು.

ಶ್ರೀ. ಶ, ರ, ದೀರ್ಘ ಎಂದು ಒಡೆಯದೆ ಇಡಿಯಾಗಿ ಎರೆದ ಒಂದೇ ಮೊಳೆ.

“ಇದನ್ನ ಎರೆದಾವ ಯಾವನೋ ಗೊತ್ತಿಲ್ಲಪ,” ಎಂದರು ಮಾವ. “ಆದರ ಎಲ್ಲಿ ಒಡೀಬಾರದು ಅನ್ನೋದು ಅವನಿಗೆ ಗೊತ್ತಿತ್ತು.”